ಅನ್‌ಲಿಮಿಟೆಡ್ ಅಂತ ಬರೆದರೆ ಸಾಲದು, ಬಿಲ್ಲಿನಲ್ಲಿ ಇನ್ನೂ ನಾಲ್ಕು ಸಾಲು ಬರೆಸಿ: ಟ್ರಾಯ್‌ಗೆ ಮಲೆನಾಡಿನಿಂದ ಒಂದು ಬಹಿರಂಗ ಪತ್ರ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ, ನಮಸ್ಕಾರ.

ಸುತ್ತಿ ಬಳಸಿ ಹೇಳುವುದು ಬೇಡ. ನಮ್ಮ ಮನೆಗಳ ಬ್ರಾಡ್‌ಬ್ಯಾಂಡ್ ಬಿಲ್ಲಿನಲ್ಲಿ ನಾಲ್ಕು ಸಾಲು ಜಾಸ್ತಿ ಬರೆಸಿ. ಆ ತಿಂಗಳು ನಾವು ಎಷ್ಟು ಜಿಬಿ ಬಳಸಿದೆವು. ಪ್ಲಾನಿನ ಮಿತಿ ಯಾವ ತಾರೀಕಿಗೆ ಮುಗಿಯಿತು. ಮುಗಿದ ಮೇಲೆ ಎಷ್ಟು ಸ್ಪೀಡ್ ಕೊಟ್ಟರು. ರಾತ್ರಿ ಎಂಟರಿಂದ ಹನ್ನೊಂದರವರೆಗೆ ನಮ್ಮ ಊರಿಗೆ ಬರುವ ಲೈನ್ ಎಷ್ಟು ತುಂಬಿತ್ತು. ಇವೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಲೆಕ್ಕ. ಹೊಸದಾಗಿ ಯಾರೂ ಕಂಬ ಹತ್ತಿ ಅಳೆಯಬೇಕಾಗಿಲ್ಲ. ಗ್ರಾಹಕನ ಕೈಗೆ ಮಾತ್ರ ಅದು ಬರುತ್ತಿಲ್ಲ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವನು. ಅಡಿಕೆ ತೋಟ ಇದೆ. ಮಗಳು ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ನಾನು ಎಂಜಿನಿಯರ್ ಅಲ್ಲ. ಆದರೆ ಮನೆಯ ರೂಟರ್, ವೈರು, ಬಿಲ್ಲು ಎಲ್ಲ ನನ್ನ ತಲೆಗೇ ಬಿದ್ದು ಅದರ ಒಳಗು ಹೊರಗು ಕಲಿಯಬೇಕಾಯಿತು. ಈಗ ಅಕ್ಕಪಕ್ಕದವರೂ ‘ಎಂತ ಮಾರಾಯ, ನಮ್ಮದು ಸುತ್ತುತ್ತಾ ಉಂಟು, ನಿಮ್ಮದು ಹೇಗೆ?’ ಅಂತ ನನಗೇ ಫೋನ್ ಮಾಡುತ್ತಾರೆ.

ಹಳೆಯ ಕಥೆ ನಿಮಗೆ ಗೊತ್ತಿರಬಹುದು. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿದ್ದು, ಕೊಡೆ ಹಿಡಿದುಕೊಂಡು ಪಾಠ ಕೇಳಿದ್ದು, ಕೊನೆಗೆ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಅಭಿಯಾನವೇ ನಡೆದಿದ್ದು. ಆ ಕಷ್ಟ ಎಲ್ಲ ಕಡೆ ಮುಗಿದಿಲ್ಲ. ಆದರೆ ಫೈಬರ್ ಬಂದ ಊರುಗಳಲ್ಲಿ ದೂರಿನ ರೂಪ ಬದಲಾಗಿದೆ. ಮೊದಲು ನೆಟ್ ಇಲ್ಲ ಅನ್ನುತ್ತಿದ್ದೆವು, ಈಗ ನೆಟ್ ಸ್ಲೋ ಅನ್ನುತ್ತೇವೆ. ಇಲ್ಲ ಅನ್ನುವುದನ್ನು ಸಾಬೀತು ಮಾಡುವುದು ಸುಲಭ. ಸ್ಲೋ ಅನ್ನುವುದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಯಾಕೆಂದರೆ ಸ್ಲೋ ಆಗುವುದಕ್ಕೆ ಕಾರಣ ಒಂದಲ್ಲ, ಮತ್ತು ಅದರಲ್ಲಿ ಕೆಲವು ಕಂಪನಿಯ ತಪ್ಪೇ ಅಲ್ಲ.

ಕಂಪನಿಯ ತಪ್ಪಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ.

ನೂರು ಎಂಬಿಪಿಎಸ್ (ಸೆಕೆಂಡಿಗೆ ನೂರು ಮೆಗಾಬಿಟ್) ಪ್ಲಾನ್ ಹಾಕಿಸಿಕೊಂಡವರು ಫೈಲ್ ಇಳಿಸುವಾಗ ಪರದೆಯ ಮೇಲೆ ಸೆಕೆಂಡಿಗೆ 11 ಅಥವಾ 12 ಎಂಬಿ ಅಂತ ನೋಡಿ ಗಾಬರಿಯಾಗುತ್ತಾರೆ. ನೂರು ಅಂದಿದ್ದರು, ಹನ್ನೆರಡು ಕೊಟ್ಟರು ಅಂತ ಲೈನ್‌ಮ್ಯಾನ್ ಮೇಲೆ ರೇಗಿದವರನ್ನು ನಾನೇ ನೋಡಿದ್ದೇನೆ. ಇಲ್ಲಿ ಮೋಸ ಇಲ್ಲ. ಪ್ಲಾನಿನ ಅಂಕಿ ಬಿಟ್‌ಗಳಲ್ಲಿ, ಫೈಲಿನ ಅಂಕಿ ಬೈಟ್‌ಗಳಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಅಂದರೆ ಒಂದು ಜಿಬಿ ಇಳಿಯಲು ಲೆಕ್ಕಕ್ಕೆ 80 ಸೆಕೆಂಡ್ ಬೇಕು. ಅಷ್ಟು ಬರುತ್ತಿದ್ದರೆ ಲೈನ್ ಸರಿಯಾಗಿದೆ ಅಂತಲೇ ಅರ್ಥ. ‘ಒಂದು ಜಿಬಿ ಇಳಿಯಲು ಸುಮಾರು ಒಂದೂವರೆ ನಿಮಿಷ’ ಅಂತ ಪ್ಲಾನಿನ ಪಕ್ಕ ಬರೆದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಎರಡನೆಯದು ನಮ್ಮ ಮನೆಗಳು. ಮಲೆನಾಡಿನ ಹಳೆಯ ಮನೆ ಅಂದರೆ ಮಣ್ಣಿನ ಅಥವಾ ಜಂಬಿಟ್ಟಿಗೆಯ ದಪ್ಪ ಗೋಡೆ. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ ಅಂತ ಒಂದರ ಹಿಂದೆ ಒಂದು. ಕೇಬಲ್ ಹಾಕಲು ಬಂದ ಹುಡುಗ ಕಿಟಕಿಯ ಹತ್ತಿರ, ವೈರು ಉಳಿಯುವ ಜಾಗದಲ್ಲಿ ರೂಟರ್ ಕೂರಿಸಿ ಹೋಗುತ್ತಾನೆ. ಕೆಲಸ ಮಾಡುವ ಮಗ ಅಥವಾ ಮಗಳು ಗಲಾಟೆ ಬೇಡ ಅಂತ ಹಿಂದಿನ ಕೋಣೆಯಲ್ಲಿ ಕೂತಿರುತ್ತಾರೆ. ನಡುವೆ ನಾಲ್ಕು ಗೋಡೆ. ವೈಫೈನಲ್ಲಿ 2.4 ಗಿಗಾಹರ್ಟ್ಜ್ ದೂರ ಹೋಗುತ್ತದೆ, ಆದರೆ ಸ್ಪೀಡ್ ಕಮ್ಮಿ. 5 ಗಿಗಾಹರ್ಟ್ಜ್ ಜೋರು, ಆದರೆ ಇಂಥ ಗೋಡೆ ದಾಟುವುದರಲ್ಲಿ ಸೋಲುತ್ತದೆ. ಬಹಳ ಮನೆಗಳಲ್ಲಿ ಫೋನ್ ಹಳೆಯದು, ಅದಕ್ಕೆ 2.4 ಮಾತ್ರ ಸಿಗುವುದು. ಆಗ ಕಂಪನಿ 300 ಎಂಬಿಪಿಎಸ್ ಕೊಟ್ಟರೂ ಹಿತ್ತಲ ಕೋಣೆಗೆ ಅದರ ಕಾಲುಭಾಗವೂ ತಲುಪುವುದಿಲ್ಲ. ಇಂಥ ಮನೆಯವರು ದೊಡ್ಡ ಪ್ಲಾನಿಗೆ ಹೋಗಿ ಪ್ರಯೋಜನ ಇಲ್ಲ. ಹಿಂದಿನ ಕೋಣೆಯವರೆಗೆ ಒಂದು ಲ್ಯಾನ್ ವೈರು ಎಳೆಸುವುದೇ ಲಾಭ.

ಈ ಲ್ಯಾನ್ ವೈರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಲ್ಯಾಪ್‌ಟಾಪನ್ನು ವೈರಿನಲ್ಲಿ ರೂಟರಿಗೆ ಸಿಕ್ಕಿಸಿ, ಮನೆಯ ಬೇರೆ ಫೋನ್, ಟಿವಿಗಳ ವೈಫೈ ಆಫ್ ಮಾಡಿ ಸ್ಪೀಡ್ ನೋಡಬೇಕು. ಆಗ ಸರಿಯಾಗಿ ಬಂದರೆ ತೊಂದರೆ ಮನೆಯೊಳಗಿದೆ. ಆಗಲೂ ಬರದಿದ್ದರೆ ತೊಂದರೆ ಹೊರಗಿದೆ. ಇದೇ ಪರೀಕ್ಷೆಯನ್ನು ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮಾಡಿ ಬರೆದಿಟ್ಟುಕೊಂಡರೆ ಕಸ್ಟಮರ್ ಕೇರ್‌ನವರು ‘ರೀಸ್ಟಾರ್ಟ್ ಮಾಡಿ ನೋಡಿ ಸರ್’ ಅನ್ನುವುದನ್ನು ಬಿಟ್ಟು ಬೇರೆ ಮಾತಾಡಲೇಬೇಕಾಗುತ್ತದೆ. ಓದುತ್ತಿರುವ ಮಲೆನಾಡಿನ ಜನರಿಗೂ ಇದನ್ನೇ ಹೇಳುತ್ತೇನೆ. ಮೊದಲು ವೈರು, ಆಮೇಲೆ ದೂರು.

ಮಳೆಗಾಲದ ಕತೆ ಬೇರೆಯೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅದರ ಸುತ್ತಮುತ್ತಲ ಊರುಗಳಲ್ಲಿ ಫೈಬರ್ ನೆಲದಡಿ ಇಲ್ಲ, ಕಂಬದಿಂದ ಕಂಬಕ್ಕೆ, ಕೆಲವು ಕಡೆ ಮರದಿಂದ ಮರಕ್ಕೆ ನೇತಾಡುತ್ತಿದೆ. ಮಳೆ ನೀರು ಗಾಜಿನ ಎಳೆಯೊಳಗಿನ ಬೆಳಕಿಗೆ ಏನೂ ಮಾಡುವುದಿಲ್ಲ. ಮರ ಬಿದ್ದರೆ ಎಳೆ ತುಂಡಾಗುತ್ತದೆ, ಕೊಂಬೆ ಭಾರಕ್ಕೆ ಮಡಚಿದರೆ ಬೆಳಕು ಸೋರುತ್ತದೆ, ಅವಸರದಲ್ಲಿ ಹಾಕಿದ ಜಾಯಿಂಟ್‌ನಲ್ಲಿ ಇನ್ನಷ್ಟು ಸೋರುತ್ತದೆ. ಮೂರು ಡೆಸಿಬಲ್ ಕಡಿಮೆಯಾದರೆ ಬೆಳಕು ಅರ್ಧ ಆದಂತೆ. ಮನೆಯ ಮೋಡೆಮ್‌ನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ, ಮನೆಗೆ ಬರುವ ಬೆಳಕಿನ ಬಲ ತೋರಿಸುವ ಒಂದು ಅಂಕಿ ಇರುತ್ತದೆ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ಆರಾಮ. ಮೈನಸ್ 27ರ ಹತ್ತಿರ ಹೋದರೆ ಲೈನ್ ಬರುವುದು ಹೋಗುವುದು ಶುರುವಾಗುತ್ತದೆ. ಪೂರ್ತಿ ಹೋದರೆ ಕೆಂಪು ದೀಪ. ಕರೆಂಟ್ ಹೋದಾಗ ನಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಊರಿನ ಲೈನುಗಳೆಲ್ಲ ಸೇರುವ ಆಪರೇಟರನ ಪೆಟ್ಟಿಗೆಯ ಬ್ಯಾಟರಿ ಇಳಿದರೆ ಮುಗಿಯಿತು. ಜೂನ್-ಜುಲೈನಲ್ಲಿ ಮೆಸ್ಕಾಂ ಲೈನ್ ದಿನಗಟ್ಟಲೆ ಬಿದ್ದಿರುವ ಊರುಗಳಲ್ಲಿ ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ಸುರಿಯುವ ಮಳೆಯಲ್ಲಿ ಏಣಿ ಹೊತ್ತು ಬರುವ ಲೈನ್‌ಮ್ಯಾನ್ ಹುಡುಗರ ಬಗ್ಗೆ ನನಗೆ ದೂರಿಲ್ಲ, ಗೌರವವೇ ಇದೆ.

ಇನ್ನು ದೂರಿಗೆ ಬರುತ್ತೇನೆ.

ಬಹಳ ವರ್ಷ ನಮಗೆ ಒಂದು ಉತ್ತರ ಸಿಗುತ್ತಿತ್ತು: ‘ನೀವು ದೂರ ಇದ್ದೀರಿ, ಅದಕ್ಕೇ ಸ್ಲೋ.’ ತಾಮ್ರದ ಟೆಲಿಫೋನ್ ತಂತಿಯಲ್ಲಿ ಎಡಿಎಸ್‌ಎಲ್ ಅನ್ನುವ ಹಳೆಯ ಬ್ರಾಡ್‌ಬ್ಯಾಂಡ್ ಬರುತ್ತಿದ್ದಾಗ ಅದು ನಿಜ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಆ ತಂತಿಯಲ್ಲಿ ಸ್ಪೀಡ್ ಸತ್ತೇ ಹೋಗುತ್ತಿತ್ತು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಶಿವಮೊಗ್ಗದಿಂದ ಬೆಂಗಳೂರಿಗೆ 300 ಕಿಲೋಮೀಟರ್ ಅಂದುಕೊಂಡರೆ ಒಂದೂವರೆ ಮಿಲಿಸೆಕೆಂಡ್. ದೂರದ ನೆಪ ಫೈಬರಿಗೆ ಹೊಂದುವುದಿಲ್ಲ. ಆದರೂ ಕಸ್ಟಮರ್ ಕೇರ್‌ನಲ್ಲಿ ಇವತ್ತಿಗೂ ಅದೇ ಪಾಠ ಒಪ್ಪಿಸುತ್ತಾರೆ.

ಹಾಗಾದರೆ ಬೆಳಿಗ್ಗೆ ನೂರು ಬರುವ ಲೈನಿನಲ್ಲಿ ರಾತ್ರಿ ಹದಿನೈದು ಯಾಕೆ ಬರುತ್ತದೆ? ಹಂಚಿಕೆ. ಹಳ್ಳಿಗಳಿಗೆ ಬರುವ ಸಾಮಾನ್ಯ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ) ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ 2,488 ಎಂಬಿಪಿಎಸ್ ಕೆಳಗೆ ಬರುತ್ತದೆ. ಅದನ್ನು 32 ಅಥವಾ 64 ಮನೆಗಳಿಗೆ ಒಡೆದು ಕೊಡುತ್ತಾರೆ. ಅರವತ್ತನಾಲ್ಕೂ ಮನೆ ಒಟ್ಟಿಗೆ ಎಳೆದರೂ ಮನೆಗೆ 38 ಎಂಬಿಪಿಎಸ್ ಸಿಗಬೇಕು. ಅಷ್ಟು ಜನ ಒಟ್ಟಿಗೆ ಎಳೆಯುವುದೂ ಇಲ್ಲ. ಮನೆಗೆ ಎರಡು ಟಿವಿ, ಎರಡರಲ್ಲೂ ಎಚ್‌ಡಿ ವಿಡಿಯೊ, ಒಂದಕ್ಕೆ 5 ಎಂಬಿಪಿಎಸ್ ಅಂತ ಹಿಡಿದರೂ 64 ಮನೆಗೆ 640 ಆಯಿತು. 2,488ರ ಮುಂದೆ ಅದು ಏನೂ ಅಲ್ಲ. ಅಂದರೆ ನಮ್ಮ ಕೇರಿಯ ಎಳೆ ತುಂಬಿಲ್ಲ.

ತುಂಬುವುದು ಅದರ ಮೇಲಿನ ಹಂತ. ಆಪರೇಟರ್ ತನ್ನ ಪೆಟ್ಟಿಗೆಯಿಂದ ಶಿವಮೊಗ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ ದುಡ್ಡು ಕೊಟ್ಟು ಕೊಂಡ ಲಿಂಕ್. ನಮ್ಮ ಕಡೆ ಗುಡ್ಡದಿಂದ ಅಬ್ಬಿ ನೀರನ್ನು ಪೈಪಿನಲ್ಲಿ ತಂದು ನಾಲ್ಕೈದು ಮನೆ ಹಂಚಿಕೊಳ್ಳುತ್ತೇವೆ. ಅಂಗಳದ ನಲ್ಲಿಗೆ ಎಷ್ಟು ದಪ್ಪದ ಪೈಪ್ ಹಾಕಿದರೂ ಗುಡ್ಡದ ಬಾಯಿಯಲ್ಲಿ ಅರ್ಧ ಇಂಚಿನ ಪೈಪ್ ಇದ್ದರೆ ಬೆಳಿಗ್ಗೆ ಎಲ್ಲರೂ ಸ್ನಾನಕ್ಕೆ ನಿಂತಾಗ ನೀರು ಎಳೆದಾರದಂತೆ ಬರುತ್ತದೆ. ಉದಾಹರಣೆಗೆ ಒಬ್ಬ ಆಪರೇಟರ್ 500 ಮನೆಗೆ ನೂರು ನೂರು ಎಂಬಿಪಿಎಸ್ ಮಾರಿ, ಮೇಲೆ 1,000 ಎಂಬಿಪಿಎಸ್ ಮಾತ್ರ ಕೊಂಡಿದ್ದಾನೆ ಅಂದುಕೊಳ್ಳಿ. ರಾತ್ರಿ ಅದರಲ್ಲಿ ಅರ್ಧ ಮನೆಗಳು ಒಂದೊಂದು ಎಚ್‌ಡಿ ವಿಡಿಯೊ ಹಾಕಿದರೆ 1,250 ಬೇಕು. ಅಲ್ಲಿಗೆ ಕಟ್ಟಿಕೊಂಡಿತು. ಎಲ್ಲರಿಗೂ ಪೂರ್ತಿ ನೂರು ಒಟ್ಟಿಗೆ ಕೊಡಿ ಅಂತ ನಾನು ಕೇಳುತ್ತಿಲ್ಲ, ಆ ರೀತಿ ಕೊಟ್ಟರೆ ಬಿಲ್ ಕಟ್ಟಲು ತೋಟ ಮಾರಬೇಕಾಗುತ್ತದೆ. ಹಂಚಿಕೊಳ್ಳುವುದು ತಪ್ಪಲ್ಲ. ಎಷ್ಟು ಜನ ಎಷ್ಟನ್ನು ಹಂಚಿಕೊಳ್ಳುತ್ತಿದ್ದೇವೆ ಅನ್ನುವುದನ್ನು ಮುಚ್ಚಿಡುವುದು ತಪ್ಪು.

ಈ ವಿಷಯದಲ್ಲಿ ನಿಮ್ಮ ಪುಸ್ತಕದಲ್ಲಿ ನಿಯಮ ಇಲ್ಲದೆ ಇಲ್ಲ. ನಿಮ್ಮದೇ 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಾವಳಿಯಲ್ಲಿ, ದಟ್ಟಣೆಯ ಹೊತ್ತಿನಲ್ಲೂ ಲಿಂಕ್ ಶೇ 80ಕ್ಕಿಂತ ಕಡಿಮೆ ತುಂಬಿರಬೇಕು ಅಂತ ಬರೆದಿದ್ದಿರಿ. ಗ್ರಾಹಕನಿಗೆ ಪ್ಲಾನಿನ ಸ್ಪೀಡಿನ ಶೇ 80ಕ್ಕಿಂತ ಜಾಸ್ತಿ ಸಿಗಬೇಕು ಅಂತಲೂ ಬರೆದಿದ್ದಿರಿ. ಆದರೆ ಆ ಎರಡನೆಯ ಅಳತೆ ಕಂಪನಿಯ ನೋಡ್‌ನಿಂದ, ಅಂದರೆ ನಮ್ಮ ಲೈನ್ ಅದರ ನೆಟ್‌ವರ್ಕಿಗೆ ಸೇರುವ ಜಾಗದಿಂದ, ಮನೆಯವರೆಗೆ ಮಾತ್ರ. ಕಟ್ಟಿಕೊಂಡಿರುವುದು ನೋಡ್‌ನಿಂದ ಆಚೆ. ಇದೇ ಕಾರಣಕ್ಕೆ ಸ್ಪೀಡ್ ಟೆಸ್ಟ್ ಮಾಡಿದರೆ 95 ತೋರಿಸುತ್ತದೆ, ವಿಡಿಯೊ ಮಾತ್ರ ಸುತ್ತುತ್ತಿರುತ್ತದೆ. ಟೆಸ್ಟ್ ಮಾಡುವ ಸರ್ವರ್ ಬಹಳ ಸಲ ಕಂಪನಿಯ ನೆಟ್‌ವರ್ಕಿನೊಳಗೇ ಇರುತ್ತದೆ. ಮುಂಬಾಗಿಲಿಂದ ಜಗಲಿಯವರೆಗೆ ನಡೆದು ರಸ್ತೆ ಚೆನ್ನಾಗಿದೆ ಅಂದಂತಾಯಿತು, ಅಲ್ವಾ? 2024ರಲ್ಲಿ ನೀವು ಹೊಸ ಗುಣಮಟ್ಟದ ನಿಯಮಗಳನ್ನು ತಂದಿರಿ, ಅಕ್ಟೋಬರ್ 1ರಿಂದ ಅವು ಜಾರಿಗೆ ಬಂದವು. ಒಳ್ಳೆಯದು. ಆದರೆ ಬೆಂಗಳೂರು ಸೇರಿಸಿ ಇಡೀ ಕರ್ನಾಟಕ ಟೆಲಿಕಾಂ ಲೆಕ್ಕದಲ್ಲಿ ಒಂದೇ ವಲಯ, ಒಂದೇ ಸರ್ಕಲ್. ಸರ್ಕಲ್ಲಿನ ಸರಾಸರಿ ತೆಗೆದರೆ ಬೆಂಗಳೂರಿನ ಲಕ್ಷಾಂತರ ಲೈನುಗಳ ನಡುವೆ ಹೊಸನಗರದ ಮುನ್ನೂರು ಮನೆ ಎಲ್ಲಿ ಕಾಣಬೇಕು? ಅದಕ್ಕೇ ಊರಿನ ಲಿಂಕಿನ ಲೆಕ್ಕ ಬಿಲ್ಲಿನ ಮೇಲೆ ಬರಲಿ ಅನ್ನುತ್ತಿದ್ದೇನೆ.

ಈಗ ಅನ್‌ಲಿಮಿಟೆಡ್ ವಿಷಯ. ಜನರಿಗೆ ಅತಿ ಜಾಸ್ತಿ ಗೊಂದಲ ಇರುವುದು ಇಲ್ಲೇ, ಮತ್ತು ಅತಿ ಸಣ್ಣ ಅಕ್ಷರಗಳು ಇರುವುದೂ ಇಲ್ಲೇ.

ಅನ್‌ಲಿಮಿಟೆಡ್ ಪ್ಲಾನ್ ಅಂದರೆ ಲೈನ್ ಕಟ್ ಮಾಡುವುದಿಲ್ಲ, ಜಾಸ್ತಿ ಬಳಸಿದ್ದಕ್ಕೆ ಜಾಸ್ತಿ ದುಡ್ಡು ಕೇಳುವುದಿಲ್ಲ ಅಂತ. ಸ್ಪೀಡ್ ಮಾತ್ರ ಇಂತಿಷ್ಟು ಜಿಬಿವರೆಗೆ ಒಂದು, ಆಮೇಲೆ ಇನ್ನೊಂದು. ಇದಕ್ಕೆ ಎಫ್‌ಯುಪಿ (ಫೇರ್ ಯೂಸೇಜ್ ಪಾಲಿಸಿ) ಅನ್ನುತ್ತಾರೆ. ದೊಡ್ಡ ಕಂಪನಿಗಳ ಫೈಬರ್ ಪ್ಲಾನುಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ತಿಂಗಳಿಗೆ 3,300 ಜಿಬಿ. ಇದು ಸಣ್ಣದೇನಲ್ಲ. ಇಡೀ ತಿಂಗಳು ಹಗಲು ರಾತ್ರಿ 10 ಎಂಬಿಪಿಎಸ್‌ನಲ್ಲಿ ಎಳೆದರೆ ಅಷ್ಟು ಮುಗಿಯುತ್ತದೆ. ಮನೆಯಲ್ಲಿ ನಾಲ್ಕು ಜನ, ಒಬ್ಬೊಬ್ಬರೂ ದಿನಕ್ಕೆ ಐದು ಗಂಟೆ ಬೇರೆ ಬೇರೆ ಎಚ್‌ಡಿ ವಿಡಿಯೊ ನೋಡಿದರೂ, ಗಂಟೆಗೆ 3 ಜಿಬಿ ಲೆಕ್ಕದಲ್ಲಿ ತಿಂಗಳಿಗೆ 1,800 ಜಿಬಿ. ಅಷ್ಟು ನೋಡುವವರಿಗೆ ನೆಟ್ ತೊಂದರೆಗಿಂತ ಬೇರೆ ತೊಂದರೆ ಇರುತ್ತದೆ. ಹಾಗಾಗಿ 3,300ರ ಪ್ಲಾನ್ ಇದ್ದವರು ಸ್ಲೋ ಆದಾಗ ಮಿತಿ ಮುಗಿಯಿತು ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಮೀಟರ್ ತೋರಿಸಿ ಅಂತ ಕೇಳಿ.

ತೊಂದರೆ ಇರುವುದು ಚಿಕ್ಕ ಪ್ಲಾನುಗಳಲ್ಲಿ. ನಮ್ಮ ಊರಿನಲ್ಲಿ ಬಹಳ ಮನೆಗಳಲ್ಲಿ ಇರುವುದು ಅಂಥವೇ. ನಮ್ಮ ಪಕ್ಕದ ಮನೆಯ ಪ್ಲಾನಿನ ಮಿತಿ 300 ಜಿಬಿ, ಆಮೇಲೆ 2 ಎಂಬಿಪಿಎಸ್. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಆ ಮನೆಯಲ್ಲಿರುವುದು ವಯಸ್ಸಾದ ಗಂಡ ಹೆಂಡತಿ. ಸಂಜೆ ಒಂದಿಷ್ಟು ಯಕ್ಷಗಾನದ ವಿಡಿಯೊ, ರಾತ್ರಿ ಮಗನ ಜೊತೆ ವಿಡಿಯೊ ಕಾಲ್, ಇಷ್ಟೇ. ಆದರೂ ತಿಂಗಳ ಕೊನೆಯ ವಾರದಲ್ಲಿ ಮಗನ ಮುಖ ಅರ್ಧಕ್ಕೆ ನಿಂತುಬಿಡುತ್ತಿತ್ತು. ‘ಅನ್‌ಲಿಮಿಟೆಡ್ ಅಂತ ಹೇಳಿದ್ದರಲ್ಲ ಮಾರಾಯ’ ಅಂತ ಅವರು. ‘ನೀವು ಜಾಸ್ತಿ ನೋಡಿದ್ದೀರಿ’ ಅಂತ ಕಂಪನಿಯವರು.

ಕಾರಣ ಸಿಕ್ಕಿದ್ದು ಅಂಗಳದಲ್ಲಿ. ಕೊಯ್ಲಿನ ಕಾಲದಲ್ಲಿ ಒಣಗಲು ಹಾಕಿದ ಅಡಿಕೆ ರಾತ್ರೋರಾತ್ರಿ ಮಾಯವಾಗುವುದು ನಮ್ಮ ಕಡೆ ಹೊಸದಲ್ಲ. ಹಾಗಾಗಿ ಮಗ ಒಂದು ಕ್ಯಾಮೆರಾ ಹಾಕಿಸಿದ್ದ. ಅದು ಮೆಮೊರಿ ಕಾರ್ಡಿಗಲ್ಲ, ಇಪ್ಪತ್ತನಾಲ್ಕು ಗಂಟೆಯೂ ಇಂಟರ್‌ನೆಟ್ ಮೂಲಕ ಕ್ಲೌಡಿಗೆ ವಿಡಿಯೊ ಕಳಿಸುತ್ತಿತ್ತು. ಬರೀ 1 ಎಂಬಿಪಿಎಸ್ ಅಂತ ಹಿಡಿಯಿರಿ. ಒಂದು ದಿನಕ್ಕೆ 86,400 ಸೆಕೆಂಡ್, ಎಂಟರಿಂದ ಭಾಗಿಸಿದರೆ ದಿನಕ್ಕೆ 10.8 ಜಿಬಿ. ತಿಂಗಳಿಗೆ 324. ಯಕ್ಷಗಾನ ನೋಡುವುದಕ್ಕೆ ಮೊದಲೇ, ಮಗನ ಮುಖ ನೋಡುವುದಕ್ಕೆ ಮೊದಲೇ, ಅಡಿಕೆ ಕಾಯುವುದರಲ್ಲೇ 300 ಜಿಬಿ ಹೋಯಿತು. ಬಹಳ ಕಂಪನಿಗಳು ಇಳಿಸಿದ್ದನ್ನೂ ಕಳಿಸಿದ್ದನ್ನೂ ಸೇರಿಸಿಯೇ ಮಿತಿಯ ಲೆಕ್ಕ ಹಾಕುತ್ತವೆ ಅನ್ನುವುದು ಆ ಹಿರಿಯರಿಗೆ ಯಾರು ಹೇಳಬೇಕಿತ್ತು? ಡೌನ್‌ಲೋಡ್ ಅಂತ ಅವರು ಯಾವತ್ತೂ ಏನನ್ನೂ ಮಾಡಿದವರೇ ಅಲ್ಲ. ಕ್ಯಾಮೆರಾವನ್ನು ಯಾರಾದರೂ ಓಡಾಡಿದಾಗ ಮಾತ್ರ ರೆಕಾರ್ಡ್ ಮಾಡುವಂತೆ ಬದಲಿಸಿ, ಉಳಿದದ್ದು ಕಾರ್ಡಿಗೇ ಹೋಗುವಂತೆ ಮಾಡಿದ ಮೇಲೆ ಅದೇ ಪ್ಲಾನಿನಲ್ಲಿ ತಿಂಗಳು ಮುಗಿಯುತ್ತಿದೆ. ಬೆಂಗಳೂರಿನಲ್ಲಿ ಕೂತು ತೋಟದ ಮನೆಗೆ ಕ್ಯಾಮೆರಾ ಹಾಕಿಸಿರುವ ಮಕ್ಕಳು ಈ ಲೆಕ್ಕ ಒಮ್ಮೆ ನೋಡಿಕೊಳ್ಳಿ.

ಮಿತಿ ಮುಗಿದ ಮೇಲಿನ 2 ಎಂಬಿಪಿಎಸ್ ಅಂದರೆ ಏನು ಅಂತಲೂ ಹೇಳುತ್ತೇನೆ. ಒಂದು ಜಿಬಿ ಇಳಿಯಲು ಒಂದು ಗಂಟೆ ಏಳು ನಿಮಿಷ. ವಾಟ್ಸಾಪ್ ನಡೆಯುತ್ತದೆ, ಪೇಪರ್ ಓದಬಹುದು, ಪಹಣಿ ತೆಗೆಯಬಹುದು. ಒಬ್ಬರು ವಿಡಿಯೊ ಮೀಟಿಂಗಿನಲ್ಲಿರುವಾಗ ಇನ್ನೊಂದು ಫೋನ್ ತಾನಾಗಿಯೇ ಅಪ್‌ಡೇಟ್ ಶುರು ಮಾಡಿದರೆ ಮೀಟಿಂಗ್ ಮುಗಿದಂತೆಯೇ. ಮನೆಯಿಂದ ಕೆಲಸ ಮಾಡುವವರಿಗೆ ಇದು ಸಂಬಳದ ಪ್ರಶ್ನೆ.

ನೀವು 2016ರ ಅಕ್ಟೋಬರ್ 31ರಂದು ಈ ಬಗ್ಗೆ ಒಂದು ನಿರ್ದೇಶನ ಕೊಟ್ಟಿದ್ದಿರಿ. ಮಿತಿ ಎಷ್ಟು, ಮಿತಿಯವರೆಗೆ ಸ್ಪೀಡ್ ಎಷ್ಟು, ಆಮೇಲೆ ಎಷ್ಟು ಅಂತ ಕಂಪನಿಗಳು ಸ್ಪಷ್ಟವಾಗಿ ತಿಳಿಸಬೇಕು. ಶೇ 50, 90 ಮತ್ತು 100 ಬಳಕೆಯಾದಾಗ ಗ್ರಾಹಕನಿಗೆ ಎಚ್ಚರಿಕೆ ಕೊಡಬೇಕು. ಯಾವ ಪ್ಲಾನಿನಲ್ಲೂ ಸ್ಪೀಡ್ 512 ಕೆಬಿಪಿಎಸ್‌ಗಿಂತ, ಅಂದರೆ ಸುಮಾರು ಅರ್ಧ ಎಂಬಿಪಿಎಸ್‌ಗಿಂತ, ಕೆಳಗೆ ಇಳಿಯಬಾರದು. ಓದಲು ಚೆನ್ನಾಗಿದೆ. ನಮ್ಮೂರಿನಲ್ಲಿ ಅದು ಹೇಗೆ ನಡೆಯುತ್ತದೆ ಕೇಳಿ. ಎಚ್ಚರಿಕೆ ಎಸ್ಎಂಎಸ್ ಆಗಿ ಬರುತ್ತದೆ. ಯಾವ ನಂಬರಿಗೆ? ಕನೆಕ್ಷನ್ ತೆಗೆದುಕೊಂಡಾಗ ಕೊಟ್ಟ ನಂಬರಿಗೆ. ಅದು ಬೆಂಗಳೂರಿನ ಮಗನದ್ದು, ಇಲ್ಲವೇ ತೀರಿಕೊಂಡ ಯಜಮಾನರದ್ದು, ಇಲ್ಲವೇ ಮನೆಯೊಳಗೆ ಸಿಗ್ನಲ್ಲೇ ಸಿಗದ ಸಿಮ್ಮಿನದ್ದು. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ ಅಂತಲೇ ಅಲ್ಲವೇ ನಾವು ಫೈಬರ್ ಹಾಕಿಸಿಕೊಂಡಿದ್ದು! ಸಣ್ಣ ಆಪರೇಟರುಗಳ ಕಡೆಯಂತೂ ಬಿಲ್ ಅಂದರೆ ವಾಟ್ಸಾಪ್‌ನಲ್ಲಿ ಬರುವ ಒಂದು ಕ್ಯೂಆರ್ ಕೋಡ್. ಎಷ್ಟು ಬಳಸಿದಿರಿ ಅಂತ ನೋಡಲು ಆ್ಯಪ್ ಇಲ್ಲ, ಪುಟ ಇಲ್ಲ, ಕೇಳಿದರೆ ‘ಆಫೀಸಿಗೆ ಹೇಳ್ತೇನೆ’ ಅನ್ನುತ್ತಾರೆ. ಹೋರ್ಡಿಂಗಿನಲ್ಲಿ 499 ಅಂತ ಇರುತ್ತದೆ, ಶೇ 18 ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆ ಆಗುತ್ತದೆ. ಅದನ್ನು ಮಾತ್ರ ಪೈಸೆಯವರೆಗೆ ಸರಿಯಾಗಿ ಲೆಕ್ಕ ಹಾಕುತ್ತಾರೆ.

ಆ 512 ಕೆಬಿಪಿಎಸ್ ಬಗ್ಗೆ ಒಂದು ಮಾತು. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುತ್ತಿತ್ತು. 2013ರಲ್ಲಿ ಅದನ್ನು 512 ಮಾಡಿದರು. ನಿಮ್ಮ 2016ರ ನಿರ್ದೇಶನ ಅದೇ ಅಳತೆಗೆ ಹೊಂದುವಂತಿತ್ತು. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಅಂತ ಬದಲಿಸಿತು. ಹಾಗಾದರೆ ಮಿತಿ ಮುಗಿದ ಮೇಲಿನ ಸ್ಪೀಡೂ 2 ಎಂಬಿಪಿಎಸ್‌ಗಿಂತ ಕೆಳಗೆ ಹೋಗಬಾರದು. ಹೋದರೆ ಆ ತಿಂಗಳ ಉಳಿದ ದಿನಗಳಲ್ಲಿ ಕಂಪನಿ ಮಾರುತ್ತಿರುವುದು ಸರ್ಕಾರದ ಲೆಕ್ಕದಲ್ಲೇ ಬ್ರಾಡ್‌ಬ್ಯಾಂಡ್ ಅಲ್ಲ, ಆದರೆ ದುಡ್ಡು ಬ್ರಾಡ್‌ಬ್ಯಾಂಡಿನದ್ದು. ಇದನ್ನು ಒಂದು ಸಾಲಿನಲ್ಲಿ ಬರೆದು ಹೊರಡಿಸಲು ನಿಮಗೆ ಜಾಸ್ತಿ ಹೊತ್ತು ಬೇಡ. ನನ್ನನ್ನು ಕೇಳಿದರೆ 2 ಕೂಡ ಸಾಲದು, 10 ಇರಬೇಕು. ಆದರೆ ಇರುವ ಅಳತೆಯನ್ನಾದರೂ ಪಾಲಿಸಲಿ.

ಲೈನ್ ಕೆಟ್ಟಾಗಿನ ರಿಯಾಯಿತಿ ಬಗ್ಗೆ ಹೇಳದೆ ಮುಗಿಸಿದರೆ ಮಳೆಗಾಲಕ್ಕೆ ಅನ್ಯಾಯವಾಗುತ್ತದೆ. ದೂರು ಕೊಟ್ಟು ಮೂರು ಕೆಲಸದ ದಿನ ದಾಟಿದರೆ ಏಳು ದಿನದ ಬಾಡಿಗೆ ವಾಪಸ್, ಏಳು ದಾಟಿದರೆ ಹದಿನೈದು ದಿನದ್ದು, ಹದಿನೈದು ದಾಟಿದರೆ ಇಡೀ ತಿಂಗಳದ್ದು ಅಂತ 2006ರ ನಿಯಮದಲ್ಲೇ ಇತ್ತು. 2024ರ ನಿಯಮದಲ್ಲೂ ಮೂರು ದಿನ ದಾಟಿದರೆ ಪರಿಹಾರ ಇದೆ. ನಮ್ಮೂರಿನಲ್ಲಿ ವಾರಗಟ್ಟಲೆ ಲೈನ್ ಬಿದ್ದಿದ್ದಿದೆ. ರಿಯಾಯಿತಿ ಪಡೆದವರನ್ನು ನಾನು ಕಂಡಿಲ್ಲ. ಯಾಕೆ ಗೊತ್ತಾ? ನಾವು ದೂರನ್ನೇ ಕೊಡುವುದಿಲ್ಲ. ಲೈನ್‌ಮ್ಯಾನ್ ನಂಬರ್ ಎಲ್ಲರ ಹತ್ತಿರವೂ ಇದೆ, ಅವನಿಗೇ ಫೋನ್ ಮಾಡಿ ‘ಸ್ವಲ್ಪ ನೋಡಿ ಮಾರಾಯ್ರೇ’ ಅನ್ನುತ್ತೇವೆ. ಅವನೂ ಮಳೆ ಬಿಟ್ಟ ಮೇಲೆ ಬಂದು ಸರಿ ಮಾಡುತ್ತಾನೆ. ದೂರು ದಾಖಲಾದಾಗ ಸಿಗುವ ಡಾಕೆಟ್ ನಂಬರ್ ಹುಟ್ಟಲೇ ಇಲ್ಲ. ಕಂಪನಿಯ ದಾಖಲೆಯಲ್ಲಿ ಆ ತಿಂಗಳು ನಮ್ಮೂರಿನಲ್ಲಿ ಒಂದೇ ಒಂದು ದೂರಿಲ್ಲ, ನಿಮಗೆ ಬರುವ ವರದಿಯಲ್ಲೂ ಇರುವುದಿಲ್ಲ.

ಆದರೆ ಸ್ವಾಮಿ, ನಮ್ಮ ಮೋಡೆಮ್‌ನಲ್ಲಿ ಕೆಂಪು ದೀಪ ಹತ್ತಿದ ಕ್ಷಣದಲ್ಲೇ ಆಪರೇಟರನ ಪೆಟ್ಟಿಗೆಗೆ ಅದು ಗೊತ್ತಾಗುತ್ತದೆ. ಯಾವ ಮನೆಯ ಮೋಡೆಮ್ ಎಷ್ಟು ಗಂಟೆಗೆ ಕಣ್ಮರೆಯಾಯಿತು, ಎಷ್ಟು ಗಂಟೆಗೆ ಮತ್ತೆ ಬಂತು ಅಂತ ಅದರ ಲಾಗ್‌ನಲ್ಲಿ ಬಿದ್ದಿರುತ್ತದೆ. ನಾವು ಮನೆಯಲ್ಲಿ ಸ್ವಿಚ್ ಆಫ್ ಮಾಡಿದ್ದಕ್ಕೂ ಎಳೆ ತುಂಡಾಗಿದ್ದಕ್ಕೂ ಇರುವ ವ್ಯತ್ಯಾಸವನ್ನು ಕೂಡ ಬಹಳ ಮೋಡೆಮ್‌ಗಳು ತಿಳಿಸಿಯೇ ಆರುತ್ತವೆ. ಹೀಗಿರುವಾಗ ಗ್ರಾಹಕ ದೂರು ಕೊಡಲಿ, ನಂಬರ್ ಬರೆದಿಟ್ಟುಕೊಳ್ಳಲಿ, ಆಮೇಲೆ ರಿಯಾಯಿತಿ ಕೇಳಲಿ ಅನ್ನುವುದು ಯಾಕೆ? ಲಾಗ್ ನೋಡಿ ಬಿಲ್ಲಿನಲ್ಲಿ ತಾನಾಗಿಯೇ ಕಳೆಯಲಿ. ಅದರ ದಂಡವನ್ನು ಲೈನ್‌ಮ್ಯಾನ್ ಸಂಬಳದಲ್ಲಿ ಹಿಡಿಯಬಾರದು ಅಂತಲೂ ಸೇರಿಸಿ. ಹಿಡಿದೇ ಹಿಡಿಯುತ್ತಾರೆ, ನಮಗೆ ಗೊತ್ತು.

ಖರ್ಚಿನ ಮಾತು ಬರುತ್ತದೆ. ಬಯಲುಸೀಮೆಯಲ್ಲಿ ಒಂದು ಊರು ಅಂದರೆ ಒಂದೇ ಕಡೆ ಇನ್ನೂರು ಮನೆ. ನಮ್ಮಲ್ಲಿ ಇನ್ನೂರು ಮನೆ ಅಂದರೆ ಮೂರು ಗುಡ್ಡ, ಎರಡು ಹಳ್ಳ, ಒಂದೊಂದು ಮನೆಗೆ ಅರ್ಧ ಕಿಲೋಮೀಟರ್ ಕೇಬಲ್. ಇದನ್ನು ಖಾಸಗಿಯವರು ಲಾಭಕ್ಕೆ ಮಾಡಲಾರರು ಅಂತ ಗೊತ್ತಿದ್ದೇ ಸರ್ಕಾರ 2011ರಲ್ಲಿ ಎಲ್ಲ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು. ಅದೇ ಆಮೇಲೆ ಭಾರತ್‌ನೆಟ್ ಆಯಿತು. 2023ರ ಆಗಸ್ಟಿನಲ್ಲಿ ಅದಕ್ಕೆ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಮಂಜೂರಾಯಿತು. ಅದರಲ್ಲಿ ರಿಂಗ್ ಜೋಡಣೆ ಇದೆ, ಅಂದರೆ ಒಂದು ಕಡೆ ಎಳೆ ತುಂಡಾದರೆ ಇನ್ನೊಂದು ಕಡೆಯಿಂದ ನೆಟ್ ಬರಬೇಕು. ರಸ್ತೆ ಅಗಲ ಮಾಡುವ ಜೆಸಿಬಿ ಒಮ್ಮೆ ಬಕೆಟ್ ಎಳೆದರೆ ಹೋಬಳಿಗೆ ಹೋಬಳಿಯೇ ಆರಿಹೋಗುವ ನಮ್ಮಂಥ ಕಡೆ ಮೊದಲು ಬೇಕಾಗಿರುವುದು ಈ ರಿಂಗ್. ಇದು ನಿಮ್ಮ ಕೈಯಲ್ಲಿಲ್ಲ, ಇಲಾಖೆಯ ಕೆಲಸ ಅಂತ ಗೊತ್ತು. ಸಲಹೆ ಕೊಡುವುದು ನಿಮ್ಮ ಕೆಲಸವೇ ತಾನೇ? ಪಂಚಾಯಿತಿ ಆಫೀಸಿಗೆ ಎಳೆ ಮುಟ್ಟಿತು ಅನ್ನುವುದನ್ನೇ ಗುರಿ ಅಂತ ಹಿಡಿಯಬೇಡಿ, ಸಂಜೆ ಹೊತ್ತು ಅಲ್ಲಿಂದ ಮುಂದೆ ಎಷ್ಟು ಹೋಗುತ್ತಿದೆ ಅಳೆಯಿರಿ ಅಂತ ಬರೆಯಿರಿ.

ಒಬ್ಬೊಬ್ಬರ ದೂರನ್ನು ನೀವು ನೇರವಾಗಿ ವಿಚಾರಿಸುವುದಿಲ್ಲ ಅಂತಲೂ ಗೊತ್ತು. ಅದಕ್ಕೇ ಈ ಪತ್ರ ನಮ್ಮ ಮನೆಯ ದೂರಲ್ಲ. ಓದುವ ಗ್ರಾಹಕರಿಗೆ ದಾರಿ ಇಷ್ಟು: ಲೈನ್‌ಮ್ಯಾನ್‌ಗೆ ಫೋನ್ ಮಾಡಿ, ಜೊತೆಗೆ ಕಂಪನಿಯ ದೂರು ಕೇಂದ್ರಕ್ಕೂ ಫೋನ್ ಮಾಡಿ ಡಾಕೆಟ್ ನಂಬರ್ ತೆಗೆದುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ಗ್ರಾಹಕರ ಆಯೋಗ ಇದೆ, ಶಿವಮೊಗ್ಗದಲ್ಲೇ ಇದೆ. ಟೆಲಿಕಾಂ ಕಂಪನಿಗಳ ಮೇಲಿನ ದೂರನ್ನು ಗ್ರಾಹಕರ ಆಯೋಗಗಳು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಲ್ಲಿ ಹೋದಾಗ ಕೈಯಲ್ಲಿ ಕಾಗದ ಬೇಕು, ಬೆಳಿಗ್ಗೆ ಆರರ ಮತ್ತು ರಾತ್ರಿ ಒಂಬತ್ತರ ಅಂಕಿ ಬೇಕು.

ಆ ಕಾಗದವನ್ನು ನಾವೇ ಬರೆದುಕೊಂಡರೆ ಕಂಪನಿಯ ವಕೀಲರು ‘ಇದು ನಿಮ್ಮ ವೈಫೈ ತೊಂದರೆ’ ಅನ್ನುತ್ತಾರೆ. ಕಂಪನಿಯೇ ಬಿಲ್ಲಿನಲ್ಲಿ ಬರೆದುಕೊಟ್ಟರೆ ಹಾಗೆ ಅನ್ನಲಾಗುವುದಿಲ್ಲ. ನಾಲ್ಕು ಸಾಲು ಕೇಳುತ್ತಿರುವುದು ಅದಕ್ಕೆ. ಬಿಲ್ ಕನ್ನಡದಲ್ಲೇ ಬರಲಿ, ಎಸ್ಎಂಎಸ್ ಜೊತೆಗೆ ಟಿವಿ ಅಥವಾ ಫೋನಿನ ಬ್ರೌಸರಿನಲ್ಲೂ ಮಿತಿಯ ಎಚ್ಚರಿಕೆ ಕಾಣುವಂತಿರಲಿ, ಒಂದೇ ಹೋಬಳಿಯಲ್ಲಿ ಹತ್ತು ಗ್ರಾಹಕರಿರುವ ಸಣ್ಣ ಆಪರೇಟರಿಗೂ ಇದು ಅನ್ವಯಿಸಲಿ. ಮುಂದಿನ ಸಲ ಈ ನಿಯಮಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಆ ಸಮಾಲೋಚನಾ ಪತ್ರವನ್ನು ಕನ್ನಡದಲ್ಲೂ ಹಾಕಿ, ಉತ್ತರ ಕನ್ನಡದಲ್ಲೇ ಬರೆದು ಕಳಿಸುತ್ತೇವೆ. ಮಳೆಗಾಲ ಬಿಟ್ಟು ಬೇರೆ ಯಾವಾಗ ಕೇಳಿದರೂ ಸರಿ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಬ್ರಾಡ್‌ಬ್ಯಾಂಡ್ ಗ್ರಾಹಕ